ಸಣ್ಣ ಅಣುಗಳ ಹೈಡ್ರೋಜೆಲ್: ರಚನೆಯ ಅಳತೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಎಲ್ಲಿ ಹುಡುಕಬೇಕು

ಸೆಮ್ (ಮೇಲ್ಮೈ ತೋರಿಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರದಲ್ಲಿ 100 ನ್ಯಾನೋಮೀಟರ್ ಅಗಲದ ಪಟ್ಟಿಗಳು ಕಾಣುತ್ತವೆ. ಕ್ರಯೋ-ಟೆಮ್‌ನಲ್ಲಿ (ತೆಳು ಪದರವನ್ನು ಕ್ಷಣದಲ್ಲಿ ಹೆಪ್ಪುಗಟ್ಟಿಸಿ, ಅದರ ಮೂಲಕ ಎಲೆಕ್ಟ್ರಾನ್ ಹಾಯಿಸಿ ನೋಡುವ ಟೆಮ್) ಬರೀ 6 ನ್ಯಾನೋಮೀಟರ್ ದಪ್ಪದ ನಾರುಗಳು. ಸ್ಯಾಕ್ಸ್ (ಸಣ್ಣ ಕೋನಗಳಲ್ಲಿ ಎಕ್ಸ್-ಕಿರಣ ಚದುರುವುದನ್ನು ಅಳೆಯುವ ವಿಧಾನ) ಫಿಟ್, ಅಂದರೆ ಅಳತೆಗೆ ಹೊಂದಿಸಿದ ಗಣಿತದ ಮಾದರಿ, ಕೊಡುವ ತ್ರಿಜ್ಯ ಇವೆರಡಕ್ಕೂ ಹೊಂದುವುದಿಲ್ಲ. ಐಆರ್ (ಇನ್‌ಫ್ರಾರೆಡ್ ಸ್ಪೆಕ್ಟ್ರಮ್) ಬೀಟಾ-ಶೀಟ್ (ಹೈಡ್ರೋಜನ್ ಬಂಧದಿಂದ ಪಕ್ಕಪಕ್ಕ ಜೋಡಿಸಿದ ಪೆಪ್ಟೈಡ್ ಹಾಳೆ) ಇದೆ ಅನ್ನುತ್ತದೆ, ಸಿಡಿ (ಎಡ ಮತ್ತು ಬಲ ತಿರುವಿನ ಬೆಳಕನ್ನು ಅಣು ಹೀರುವ ವ್ಯತ್ಯಾಸ) ಅಳೆದಾಗಲೆಲ್ಲ ಬೇರೆ ಬೇರೆ ಬರುತ್ತದೆ. ಸಣ್ಣ ಅಣುಗಳು ತಾವಾಗಿಯೇ ಸೇರಿ ಕಟ್ಟುವ ಹೈಡ್ರೋಜೆಲ್‌ಗಳ ಮೇಲೆ ಕೆಲಸ ಮಾಡುವವರಿಗೆ ಈ ತಲೆನೋವು ಚೆನ್ನಾಗಿ ಗೊತ್ತು.

ಆಗ ಎಲ್ಲರೂ ಕೇಳುವ ಪ್ರಶ್ನೆ, ಇದರಲ್ಲಿ ಯಾವ ಉಪಕರಣ ಸರಿ ಅಂತ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಉಪಕರಣಗಳ ಒಳಗೆ ಹೋದದ್ದು ಒಂದೇ ಜೆಲ್ಲಾ? ಬಹಳಷ್ಟು ಸಲ ಅಲ್ಲ. ಒಂದಕ್ಕೆ ಒಣಗಿಸಿದ್ದು ಹೋಗಿರುತ್ತದೆ, ಇನ್ನೊಂದಕ್ಕೆ ನೀರು ಬೆರೆಸಿ ತೆಳು ಮಾಡಿದ್ದು, ಮತ್ತೊಂದಕ್ಕೆ ಭಾರಜಲದಲ್ಲಿ ಮಾಡಿದ್ದು, ಮಗದೊಂದಕ್ಕೆ ಸಿರಿಂಜಿನಲ್ಲಿ ಎಳೆದು ಮುರಿದದ್ದು. ಉಪಕರಣಗಳು ತಮಗೆ ಕೊಟ್ಟದ್ದನ್ನು ಸರಿಯಾಗಿಯೇ ಅಳೆದಿರುತ್ತವೆ. ಆದ್ದರಿಂದ ದೋಷ ಹುಡುಕುವಾಗ ಯಾವಾಗಲೂ ವಯಲ್‌ನಿಂದ (ಜೆಲ್ ಮಾಡಿದ ಚಿಕ್ಕ ಸೀಸೆ) ಉಪಕರಣದ ಕಡೆಗೆ ನಡೆಯಿರಿ. ಫಿಟ್ಟಿಂಗ್ ಸಾಫ್ಟ್‌ವೇರ್‌ಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಈ ಜೆಲ್‌ಗಳು ಯಾಕೆ ಇಷ್ಟು ಸೂಕ್ಷ್ಮ?

ಇಲ್ಲಿ ಜೆಲ್ ಕಟ್ಟುವ ಅಣುವಿನ ತೂಕ ಸಾಮಾನ್ಯವಾಗಿ 1000 ಡಾಲ್ಟನ್ ಕೂಡ ಇರುವುದಿಲ್ಲ. ತೂಕದ ಲೆಕ್ಕದಲ್ಲಿ ಅರ್ಧ ಶೇಕಡಾ ಅಣು ಹಾಕಿದರೆ ಸಾಕು, ಉಳಿದ 99 ಶೇಕಡಾಕ್ಕೂ ಜಾಸ್ತಿ ನೀರು ಅಲುಗಾಡದೆ ನಿಲ್ಲುತ್ತದೆ. ಪಾಲಿಮರ್ ಜೆಲ್‌ನಲ್ಲಿರುವಂಥ ಗಟ್ಟಿ ರಾಸಾಯನಿಕ ಬಂಧ ನಾರಿನ ಉದ್ದಕ್ಕೂ ಎಲ್ಲಿಯೂ ಇಲ್ಲ. ಹೈಡ್ರೋಜನ್ ಬಂಧ, ಆರೊಮ್ಯಾಟಿಕ್ ಉಂಗುರಗಳ ಜೋಡಣೆ, ನೀರನ್ನು ಕಂಡರೆ ದೂರ ಸರಿಯುವ ಭಾಗಗಳ ಒತ್ತಡ, ಇಷ್ಟೇ. ಇವು ಹೇಗೆ ಬೇಗ ಕಟ್ಟಿಕೊಳ್ಳುತ್ತವೋ ಹಾಗೇ ಬೇಗ ಬದಲಾಗುತ್ತವೆ.

ಇನ್ನೊಂದು ವಿಷಯ. ಈ ಜೆಲ್ ಸಾಮಾನ್ಯವಾಗಿ ಕೊನೆಯ ಸ್ಥಿರ ಸ್ಥಿತಿಯಲ್ಲಿ ಇರುವುದಿಲ್ಲ, ನಡುದಾರಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಅದೇ ಅಣು, ಅದೇ ಸಾಂದ್ರತೆ, ಅದೇ ಕೊನೆಯ ಪಿಎಚ್ ಇದ್ದರೂ ಅಲ್ಲಿಗೆ ತಲುಪಿದ ದಾರಿ ಬೇರೆಯಾದರೆ ಜೆಲ್ ಕೂಡ ಬೇರೆ. ಎಫ್‌ಮಾಕ್-ಡೈಫಿನೈಲ್‌ಅಲನೀನ್ ಇದಕ್ಕೆ ಒಳ್ಳೆಯ ಉದಾಹರಣೆ: ಎರಡು ಫಿನೈಲ್‌ಅಲನೀನ್ ಸೇರಿದ ಡೈಪೆಪ್ಟೈಡ್ (ಎರಡು ಅಮೈನೋ ಆಮ್ಲಗಳ ಜೋಡಿ), ಅದರ ತುದಿಗೆ ಎಫ್‌ಮಾಕ್ ಅನ್ನುವ ಆರೊಮ್ಯಾಟಿಕ್ ಗುಂಪು. ಇದರ ಹೈಡ್ರೋಜೆಲ್‌ಗಳ ವರದಿ 2006ರಲ್ಲಿ ಬಂತು, ಅಲ್ಲಿಂದ ಈಚೆಗೆ ತುಂಬಾ ಜನ ಇದನ್ನು ಅಳೆದಿದ್ದಾರೆ. ಡಿಎಂಎಸ್‌ಓ ಅನ್ನುವ ಸಾವಯವ ದ್ರಾವಕದಲ್ಲಿ ಕರಗಿಸಿ ನೀರು ಸುರಿದು ಮಾಡಿದ್ದಕ್ಕೂ ಪಿಎಚ್ ಇಳಿಸಿ ಮಾಡಿದ್ದಕ್ಕೂ ಗಟ್ಟಿತನದಲ್ಲಿ ಹತ್ತಾರು ಪಟ್ಟು ವ್ಯತ್ಯಾಸ ಬರುವುದು ಇದರಲ್ಲಿ ಮಾಮೂಲಿ.

ಲಕ್ಷಣ: ಒಂದೇ ಉಪಕರಣ, ಎರಡು ದಿನ, ಎರಡು ಉತ್ತರ

ಮೊದಲು ನೋಡಬೇಕಾದ್ದು ಇದನ್ನೇ. ಬೇರೆ ಬೇರೆ ವಿಧಾನಗಳು ಜಗಳವಾಡುತ್ತಿವೆ ಅಂತ ಅನ್ನಿಸಿದಾಗಲೂ ಬೇರು ಇಲ್ಲಿರುವುದು ಹೆಚ್ಚು. ಒಂದೇ ಸ್ಟಾಕ್‌ನಿಂದ (ಮೊದಲೇ ಮಾಡಿಟ್ಟ ದ್ರಾವಣ) ಒಂದೇ ದಿನ ಮೂರು ಜೆಲ್ ಮಾಡಿ ರಿಯಾಲಜಿ, ಅಂದರೆ ಜೆಲ್‌ನ ಗಟ್ಟಿತನದ ಅಳತೆ, ನೋಡಿ. ಮೂರೂ ಹತ್ತಿರ ಹತ್ತಿರ ಬಂದರೆ ಮುಂದಕ್ಕೆ ಹೋಗಿ. ಬರದಿದ್ದರೆ ಸ್ಯಾಕ್ಸ್, ಟೆಮ್ ಯಾವುದಕ್ಕೂ ಸಮಯ ಬುಕ್ ಮಾಡಬೇಡಿ, ಮಾಡಿದ್ದರೆ ಮುಂದೂಡಿ.

ಪಿಎಚ್ ಇಳಿಸಿ ಮಾಡುವ ಜೆಲ್ ಆದರೆ ಆಮ್ಲ ಹೇಗೆ ಸೇರಿತು ಅಂತ ನೋಡಿ. ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿ ಹನಿಯಾಗಿ ಹಾಕಿದರೆ ಹನಿ ಬಿದ್ದ ಜಾಗದಲ್ಲಿ ತಕ್ಷಣ ಜೆಲ್ ಆಗುತ್ತದೆ, ಪಕ್ಕದಲ್ಲಿ ಇನ್ನೂ ದ್ರಾವಣ. ನೀವು ಕಲಕಿದಷ್ಟೂ ಆಗಲೇ ಕಟ್ಟಿದ್ದನ್ನು ಮುರಿಯುತ್ತೀರಿ. ಅದಕ್ಕೇ ಈಗ ಹೆಚ್ಚಿನವರು ಗ್ಲುಕೋನೋ-ಡೆಲ್ಟಾ-ಲ್ಯಾಕ್ಟೋನ್, ಅಂದರೆ ಜಿಡಿಎಲ್ ಬಳಸುತ್ತಾರೆ. ಅದು ಬೇಗ ಕರಗಿ, ನಿಧಾನಕ್ಕೆ ಒಡೆದು ಗ್ಲುಕೋನಿಕ್ ಆಮ್ಲವಾಗುತ್ತದೆ, ಪಿಎಚ್ ಇಡೀ ವಯಲ್‌ನಲ್ಲಿ ಒಟ್ಟಿಗೆ ಇಳಿಯುತ್ತದೆ. ಆದರೆ ಒಡೆಯುವ ವೇಗ ಉಷ್ಣತೆಯನ್ನು ಅವಲಂಬಿಸಿದೆ. ಮಧ್ಯಾಹ್ನದ ಬಿಸಿ ಕೋಣೆಯಲ್ಲಿ ಮಾಡಿದ ಜೆಲ್ಲೂ ಎಸಿ ಕೆಳಗೆ ಇಟ್ಟ ಜೆಲ್ಲೂ ಒಂದೇ ವೇಗದಲ್ಲಿ ಕಟ್ಟಿಕೊಳ್ಳುವುದಿಲ್ಲ. 25 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಇಟ್ಟರೆ ಈ ತೊಂದರೆ ಅಲ್ಲಿಗೇ ಮುಗಿಯಿತು.

ಕೊನೆಯ ಪಿಎಚ್ ಅನ್ನು ಪ್ರತಿ ಜೆಲ್‌ನಲ್ಲೂ ಅಳೆಯಿರಿ. ಜಿಡಿಎಲ್ ತೂಕದಿಂದ ಲೆಕ್ಕ ಹಾಕಿ ಬರೆದುಕೊಂಡರೆ ಸಾಲದು. ಅಣುಗಳು ಗುಂಪಾದಾಗ ಅವುಗಳ ಪಿಕೆಎ (ಅರ್ಧದಷ್ಟು ಅಣುಗಳಿಗೆ ಚಾರ್ಜ್ ಬರುವ ಪಿಎಚ್) ಬದಲಾಗುತ್ತದೆ. ಎಫ್‌ಮಾಕ್-ಡೈಫಿನೈಲ್‌ಅಲನೀನ್‌ನ ಕಾರ್ಬಾಕ್ಸಿಲಿಕ್ ಆಮ್ಲಕ್ಕೆ ಲೆಕ್ಕದ ಪ್ರಕಾರ ಪಿಕೆಎ ಸುಮಾರು 3.5 ಇರಬೇಕು. ಟೈಟ್ರೇಷನ್ ಮಾಡಿದರೆ ಎರಡು ಹಂತಗಳು ಕಾಣುತ್ತವೆ, ಒಂದು ಇದಕ್ಕಿಂತ ಸುಮಾರು 6 ಘಟಕ ಮೇಲೆ, ಇನ್ನೊಂದು ಸುಮಾರು 2 ಘಟಕ ಮೇಲೆ. ಹೀಗಿರುವಾಗ ನಿಮ್ಮ ಒಂದು ಜೆಲ್ ಪಿಎಚ್ 5ರಲ್ಲಿ, ಇನ್ನೊಂದು 4ರಲ್ಲಿ ನಿಂತಿದ್ದರೆ ನಾರಿನ ಮೇಲಿನ ಚಾರ್ಜ್ ಒಂದೇ ಅಲ್ಲ, ನಾರುಗಳು ಪಕ್ಕಪಕ್ಕಕ್ಕೆ ಅಂಟಿಕೊಳ್ಳುವ ರೀತಿಯೂ ಒಂದೇ ಆಗಿರಲಾರದು.

ಹೆಚ್ಚಿನ ಪಿಎಚ್‌ನ ಸ್ಟಾಕ್ ದ್ರಾವಣದ ವಯಸ್ಸನ್ನೂ ಕೇಳಿ. ಪಿಎಚ್ 10.5ರ ದ್ರಾವಣವನ್ನು ಮುಚ್ಚಳ ಸಡಿಲ ಬಿಟ್ಟು ಇಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗಿ ಪಿಎಚ್ ತಾನಾಗಿ ಇಳಿಯುತ್ತದೆ. ಎಫ್‌ಮಾಕ್ ಗುಂಪು ಕ್ಷಾರಕ್ಕೆ ನಿಧಾನವಾಗಿ ಕತ್ತರಿಸಿಯೂ ಹೋಗುತ್ತದೆ. ಇಂಥ ದ್ರಾವಣದಲ್ಲಿ ಅಣುಗಳು ಒಂಟಿಯಾಗಿ ಓಡಾಡುತ್ತಿರುತ್ತವೆ ಅಂತ ಭಾವಿಸುವುದೂ ತಪ್ಪು. ಎಷ್ಟೋ ಡೈಪೆಪ್ಟೈಡ್‌ಗಳು ಅಲ್ಲಿಯೇ ಉದ್ದನೆಯ ಮಿಸೆಲ್‌ಗಳಾಗಿ (ಅಣುಗಳ ಗುಂಪು) ಕೂತಿರುತ್ತವೆ, ಒಮ್ಮೆ ಬಿಸಿ ಮಾಡಿ ತಣಿಸಿದರೆ ಆ ಮಿಸೆಲ್‌ಗಳ ರೂಪವೇ ಬದಲಾಗಬಹುದು. ಕರಗಲಿ ಅಂತ ಒಬ್ಬರು ಬಿಸಿ ಮಾಡಿ, ಇನ್ನೊಬ್ಬರು ಬರೀ ಕಲಕಿ ಬಿಟ್ಟಿದ್ದರೆ, ಅಲ್ಲಿಂದ ಮುಂದೆ ಎಲ್ಲವೂ ಬೇರೆ.

ಡಿಎಂಎಸ್‌ಓ ದಾರಿಯಲ್ಲಿ ಮಾಡುವವರಿಗೆ: ನೀರು ಸುರಿದ ತಕ್ಷಣ ಹಾಲಿನಂತೆ ಕಂಡು ಆಮೇಲೆ ನಿಧಾನಕ್ಕೆ ತಿಳಿಯಾಗುವ ಜೆಲ್‌ಗಳಿವೆ. ಯಾವ ಹೊತ್ತಿನಲ್ಲಿ ಅಳೆದಿರಿ ಅನ್ನುವುದು ಮುಖ್ಯ. ಡಿಎಂಎಸ್‌ಓ ಎಷ್ಟು ಉಳಿದಿದೆ ಅನ್ನುವುದೂ ಮುಖ್ಯ, ಅದರ ಪ್ರಮಾಣ ಬದಲಾದರೆ ಜಾಲದ ರೂಪವೇ ಬದಲಾಗುತ್ತದೆ.

ಅಣುವಿನ ಬ್ಯಾಚ್ ಬಗ್ಗೆ ಒಂದೇ ಮಾತು. ಹೊಸ ಬ್ಯಾಚ್ ಬಂದ ದಿನದಿಂದ ಫಲಿತಾಂಶ ಬದಲಾಗಿದ್ದರೆ ಹಳೆಯದು, ಹೊಸದು ಎರಡರಲ್ಲೂ ಒಂದೊಂದು ಜೆಲ್ ಮಾಡಿ ಪಕ್ಕಪಕ್ಕ ಇಟ್ಟು ಅಳೆಯಿರಿ, ಊಹೆ ಮಾಡುತ್ತಾ ಕೂರಬೇಡಿ.

ಲಕ್ಷಣ: ಸೆಮ್ ಚಿತ್ರದಲ್ಲಿ ನಾರು ತುಂಬಾ ದಪ್ಪ, ಅಥವಾ ಜೇನುಗೂಡಿನಂಥ ರಂಧ್ರಗಳು

ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಒಣಗಿಸಿದ ಜೆಲ್‌ನ ಸೆಮ್ ಚಿತ್ರದಿಂದ ಒದ್ದೆ ಜೆಲ್‌ನ ನಾರಿನ ಅಗಲ ಹೇಳಲು ಆಗುವುದಿಲ್ಲ. 99 ಶೇಕಡಾ ನೀರು ಹೊರಗೆ ಹೋಗುವಾಗ ಅದರ ಮೇಲ್ಮೈ ಎಳೆತ ನಾರುಗಳನ್ನು ಹತ್ತಿರಕ್ಕೆ ತರುತ್ತದೆ, ಒದ್ದೆ ಕೂದಲಿನ ಎಳೆಗಳು ಒಣಗುವಾಗ ಜಡೆಗಟ್ಟುವ ಹಾಗೆ. ಅಷ್ಟೇ ಅಲ್ಲ, ನೀರು ಕಮ್ಮಿಯಾಗುತ್ತಾ ಉಪ್ಪಿನ ಸಾಂದ್ರತೆ ಏರುತ್ತದೆ, ಪಿಎಚ್ ಬದಲಾಗುತ್ತದೆ, ಅಷ್ಟು ಹೊತ್ತು ಕರಗಿಯೇ ಇದ್ದ ಅಣುಗಳೂ ಕೂತುಕೊಳ್ಳುತ್ತವೆ. ಕೊನೆಗೆ ಕಾಣುವ ಪಟ್ಟಿ ಈ ಎಲ್ಲದರ ಮೊತ್ತ.

ಫ್ರೀಜ್-ಡ್ರೈ ಮಾಡಿದರೆ ತೊಂದರೆ ತಪ್ಪಿತು ಅಂತ ತುಂಬಾ ಜನ ನಂಬಿದ್ದಾರೆ. ತಪ್ಪುವುದಿಲ್ಲ. ನೀರು ನಿಧಾನಕ್ಕೆ ಮಂಜುಗಡ್ಡೆಯಾಗುವಾಗ ಹರಳುಗಳು ಬೆಳೆಯುತ್ತಾ ನಾರುಗಳನ್ನು ಅಂಚಿಗೆ ತಳ್ಳುತ್ತವೆ. ಆ ಹರಳು ಆವಿಯಾಗಿ ಹೋದ ಜಾಗವೇ ಚಂದದ ರಂಧ್ರ, ಅಂಚಿಗೆ ತಳ್ಳಿಸಿಕೊಂಡ ನಾರುಗಳೇ ರಂಧ್ರದ ಗೋಡೆ. ಇದನ್ನು ಪರೀಕ್ಷಿಸುವುದು ಸುಲಭ. ಒಂದು ತುಂಡನ್ನು ಫ್ರೀಜರ್‌ನಲ್ಲಿ ನಿಧಾನವಾಗಿ, ಇನ್ನೊಂದನ್ನು ದ್ರವ ಸಾರಜನಕದಲ್ಲಿ ಬೇಗ ಹೆಪ್ಪುಗಟ್ಟಿಸಿ, ಎರಡನ್ನೂ ಒಣಗಿಸಿ ನೋಡಿ. ರಂಧ್ರದ ಗಾತ್ರ ಬದಲಾದರೆ ನೀವು ನೋಡುತ್ತಿರುವುದು ಮಂಜಿನ ಹರಳಿನ ಅಚ್ಚು.

ಕ್ರಿಟಿಕಲ್ ಪಾಯಿಂಟ್ ಡ್ರೈಯಿಂಗ್ (ಮೇಲ್ಮೈ ಎಳೆತ ಇಲ್ಲದಂತೆ ಒಣಗಿಸುವುದು) ಪಾಲಿಮರ್ ಜೆಲ್‌ಗೆ ಒಳ್ಳೆಯ ವಿಧಾನ. ನಮ್ಮ ಜೆಲ್‌ಗೆ ಬಹಳ ಸಲ ಅಪಾಯ. ಅದರಲ್ಲಿ ಮೊದಲು ನೀರನ್ನು ತೆಗೆದು ಎಥನಾಲ್ ಅಥವಾ ಅಸಿಟೋನ್ ತುಂಬಬೇಕು, ಇಂಥ ಅಣುಗಳು ಆ ದ್ರಾವಕಗಳಲ್ಲಿ ಕರಗುವುದೇ ಜಾಸ್ತಿ. ಮೊದಲು ಒಂದು ತುಂಡು ಜೆಲ್ ಮೇಲೆ ಎಥನಾಲ್ ಸುರಿದು ಒಂದು ಗಂಟೆ ಬಿಟ್ಟು ನೋಡಿ. ಕರಗಿದರೆ ಆ ದಾರಿ ಮುಚ್ಚಿದಂತೆ.

ಹಾಗಾದರೆ ಜಾಲ ನೋಡುವುದು ಹೇಗೆ? ನೀರಿನ ಜೊತೆಗೇ ನೋಡಬೇಕು. ಕನ್‌ಫೋಕಲ್ ಮೈಕ್ರೋಸ್ಕೋಪ್‌ನಲ್ಲಿ, ನಾರಿಗೆ ಅಂಟುವ ಡೈ ತೀರಾ ಕಡಿಮೆ ಹಾಕಿ. ಅದರ ದೃಷ್ಟಿ ಸುಮಾರು 200 ನ್ಯಾನೋಮೀಟರ್‌ಗಿಂತ ಕೆಳಗೆ ಹೋಗುವುದಿಲ್ಲ, ಹಾಗಾಗಿ ಒಂಟಿ ನಾರು ಕಾಣದು. ಆದರೆ ಜಾಲ ಸಮವಾಗಿ ಹರಡಿದೆಯೋ ಅಥವಾ ಉಂಡೆ ಉಂಡೆಯಾಗಿ ಬೆಳೆದಿದೆಯೋ ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಜೆಲ್‌ನ ಗಟ್ಟಿತನದಲ್ಲಿ ವ್ಯತ್ಯಾಸ ಬಂದಾಗ ನಾರಿನ ದಪ್ಪಕ್ಕಿಂತ ಇದೇ ಹೆಚ್ಚು ಉತ್ತರ ಕೊಡುತ್ತದೆ. ಡೈ ಹಾಕಿದ ಜೆಲ್‌ಗೂ ಹಾಕದ ಜೆಲ್‌ಗೂ ರಿಯಾಲಜಿ ಒಂದೇ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಲಕ್ಷಣ: ದ್ರಾವಣದಲ್ಲಿ ಏನೂ ಇಲ್ಲ ಅಂದುಕೊಂಡಿದ್ದೆವು, ಟೆಮ್‌ನಲ್ಲಿ ಮಾತ್ರ ನಾರುಗಳು

ನೆಗೆಟಿವ್ ಸ್ಟೇನ್ (ನಾರಿನ ಸುತ್ತ ಭಾರಲೋಹದ ಲವಣ ಹಚ್ಚಿ ಟೆಮ್‌ನಲ್ಲಿ ನೋಡುವುದು) ಮಾಡಿದ್ದೀರಾ? ಯುರೇನಿಲ್ ಅಸಿಟೇಟ್ ಬಳಸಿದ್ದೀರಾ? ಅದರ ದ್ರಾವಣ ಆಮ್ಲೀಯ, ಪಿಎಚ್ ಸುಮಾರು 4. ನಿಮ್ಮ ಸ್ಯಾಂಪಲ್ ಪಿಎಚ್ 10ರ ಸ್ಟಾಕ್ ಆಗಿದ್ದರೆ ಗ್ರಿಡ್ (ಸ್ಯಾಂಪಲ್ ಇಡುವ ಚಿಕ್ಕ ಬಲೆ) ಮೇಲೆಯೇ ಜೆಲ್ ಮಾಡಿದ ಹಾಗಾಯಿತು. ಪರೀಕ್ಷೆ ಸರಳ: ಸ್ಟೇನನ್ನೂ ಸ್ಯಾಂಪಲ್ಲನ್ನೂ ಅದೇ ಪ್ರಮಾಣದಲ್ಲಿ ಒಂದು ಚಿಕ್ಕ ವಯಲ್‌ನಲ್ಲಿ ಬೆರೆಸಿ. ಗಟ್ಟಿಯಾದರೆ ಅಥವಾ ಕದಡಿದರೆ ಉತ್ತರ ಸಿಕ್ಕಿತು. ಫಾಸ್ಫೇಟ್ ಬಫರ್ ಇದ್ದರಂತೂ ಯುರೇನಿಲ್ ಜೊತೆ ಅದು ಕೆಳಗೆ ಕೂರುತ್ತದೆ, ಆ ಕಾಳುಗಳನ್ನು ನ್ಯಾನೋಕಣ ಅಂತ ಬರೆಯುವ ಅಪಾಯ ಇದೆ. ಅಣುವಿಲ್ಲದ ಬರೀ ಬಫರ್‌ಗೆ ಅದೇ ಸ್ಟೇನ್ ಹಾಕಿದ ಗ್ರಿಡ್ ಒಂದನ್ನು ಯಾವಾಗಲೂ ನೋಡಲೇಬೇಕು.

ಕ್ರಯೋ-ಟೆಮ್ ಇದೆಲ್ಲಕ್ಕಿಂತ ಎಷ್ಟೋ ಮೇಲು, ನಾರಿನ ಅಗಲ ಬೇಕಾದರೆ ನಾನು ನಂಬುವ ಚಿತ್ರ ಅದೇ. ಆದರೂ ಅದಕ್ಕೂ ತನ್ನದೇ ಮಿತಿಗಳಿವೆ. ಗ್ರಿಡ್ ಮೇಲೆ ಉಳಿಯುವ ಪದರ ಸುಮಾರು 100 ನ್ಯಾನೋಮೀಟರ್ ದಪ್ಪ, ಜೆಲ್‌ನ ಜಾಲದ ಕಣ್ಣುಗಳು ಅದಕ್ಕಿಂತ ದೊಡ್ಡದಿರಬಹುದು. ಹಾಗಾಗಿ ಕ್ರಯೋ ಚಿತ್ರ ನೋಡಿ ಜಾಲ ಹೀಗಿದೆ ಅಂತ ಹೇಳಬಾರದು. ಕಾಗದದಿಂದ ಹೀರುವಾಗ ದ್ರವ ಒಂದು ಕಡೆಗೆ ಹರಿಯುತ್ತದೆ, ನಾರುಗಳು ಆ ಕಡೆಗೆ ಸಾಲುಗಟ್ಟುತ್ತವೆ. ಚಿತ್ರದಲ್ಲಿ ಎಲ್ಲಾ ನಾರು ಒಂದೇ ದಿಕ್ಕಿಗೆ ಮಲಗಿದ್ದರೆ ಅದು ಜೆಲ್‌ನ ಗುಣ ಅಂತ ನಂಬುವ ಮೊದಲು ಬೇರೆ ಗ್ರಿಡ್ ನೋಡಿ. ಗಟ್ಟಿ ಜೆಲ್ ಸರಿಯಾಗಿ ಹೀರಿಕೊಳ್ಳುವುದಿಲ್ಲ ಅಂತ ನೀರು ಬೆರೆಸಿದರೆ, ನೀವು ನೋಡಿದ್ದು ಬೆರೆಸಿದ ಮೇಲಿನ ಜೆಲ್. ಅದರ ಬದಲು ಜೆಲ್ ಕಟ್ಟುವ ಮೊದಲೇ ದ್ರವವನ್ನು ಗ್ರಿಡ್ ಮೇಲೆ ಹಾಕಿ, ತೇವ ಇರುವ ಚೇಂಬರ್‌ನಲ್ಲಿ ಅಲ್ಲೇ ಕಟ್ಟಲು ಬಿಡುವುದು ಒಳ್ಳೆಯದು.

ಒಂದೇ ಚಿತ್ರದಲ್ಲಿ ಎರಡು ಅಗಲ ಸಿಕ್ಕಿತಾ? ಎರಡು ಜಾತಿಯ ನಾರು ಅಂತ ಬರೆಯುವ ಮುನ್ನ ಒಂದೇ ನಾರಿನ ಉದ್ದಕ್ಕೂ ಅಳೆಯಿರಿ. ತಿರುಚಿದ ಪಟ್ಟಿ ಒಂದು ಕಡೆ ಅಗಲವಾಗಿ, ಸ್ವಲ್ಪ ಮುಂದೆ ಅಂಚು ಮಾತ್ರ ಕಂಡು ಕಿರಿದಾಗಿ ಕಾಣುತ್ತದೆ, ಮತ್ತೆ ಅಗಲ, ಮತ್ತೆ ಕಿರಿದು.

ಎಎಫ್ಎಂ (ಸೂಜಿಯಿಂದ ಮೇಲ್ಮೈ ತಡವಿ ಚಿತ್ರ ಕೊಡುವ ಮೈಕ್ರೋಸ್ಕೋಪ್) ಬಳಸುವವರು ಎತ್ತರ ನಂಬಿ, ಅಗಲ ನಂಬಬೇಡಿ. ಸೂಜಿಯ ತುದಿಯ ತ್ರಿಜ್ಯ 10 ನ್ಯಾನೋಮೀಟರ್ ಇದ್ದರೆ 5 ನ್ಯಾನೋಮೀಟರ್ ದಪ್ಪದ ನಾರು ಸುಮಾರು 20 ನ್ಯಾನೋಮೀಟರ್ ಅಗಲವಾಗಿ ಕಾಣುತ್ತದೆ, ಅದು ಬರೀ ಜ್ಯಾಮಿತಿ. ಟೊಳ್ಳಾದ ಕೊಳವೆ ಒಣಗಿ ಚಪ್ಪಟೆಯಾದರೂ ಹೀಗೇ, ಅದರ ಅಗಲ ಸುತ್ತಳತೆಯ ಅರ್ಧದಷ್ಟು ಆಗುತ್ತದೆ, ಅಂದರೆ ಮೂಲ ವ್ಯಾಸದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಒಣಗಿದ ಅಗಲವೂ ಸ್ಯಾಕ್ಸ್ ವ್ಯಾಸವೂ ಇದೇ ಅನುಪಾತದಲ್ಲಿದ್ದರೆ ಕೊಳವೆಯ ಸಾಧ್ಯತೆಯನ್ನು ಯೋಚಿಸಿ ನೋಡಿ.

ಲಕ್ಷಣ: ಸ್ಯಾಕ್ಸ್ ಅಥವಾ ಸ್ಯಾನ್ಸ್ ಫಿಟ್ ಚೆನ್ನಾಗಿದೆ, ಸಂಖ್ಯೆಗಳು ಮಾತ್ರ ನಂಬುವಂತಿಲ್ಲ

ಸ್ಯಾನ್ಸ್ ಅಂದರೆ ಎಕ್ಸ್-ಕಿರಣದ ಬದಲು ನ್ಯೂಟ್ರಾನ್ ಬಳಸುವ ಅದೇ ಥರದ ಅಳತೆ. ಈ ಚದುರಿಕೆಯ ದೊಡ್ಡ ಗುಣ ಏನೆಂದರೆ ಜೆಲ್ ಒದ್ದೆಯಾಗಿಯೇ, ಮುರಿಯದೆಯೇ, ಲಕ್ಷಾಂತರ ನಾರುಗಳ ಸರಾಸರಿ ಸಿಗುತ್ತದೆ. ದೊಡ್ಡ ತೊಂದರೆ ಏನೆಂದರೆ ಒಂದೇ ವಕ್ರರೇಖೆಗೆ ಎರಡು ಮೂರು ಮಾದರಿಗಳು ಅಷ್ಟೇ ಚೆನ್ನಾಗಿ ಕೂರುತ್ತವೆ. ಅಂಡಾಕಾರದ ಅಡ್ಡಕೊಯ್ತ ಇರುವ ಸಿಲಿಂಡರ್ ಆದರೂ, ತ್ರಿಜ್ಯದಲ್ಲಿ ಏರುಪೇರು ಇರುವ ದುಂಡನೆಯ ಸಿಲಿಂಡರ್‌ಗಳ ಗುಂಪಾದರೂ, ರೇಖೆಯ ತಗ್ಗುಗಳನ್ನು ಒಂದೇ ರೀತಿ ಮಸುಕು ಮಾಡುತ್ತವೆ. ಫಿಟ್ ಎಷ್ಟು ಹೊಂದಿದೆ ಅನ್ನುವ ಕೈ-ಸ್ಕ್ವೇರ್ ಸಂಖ್ಯೆ ಮಾತ್ರ ನೋಡಿ ಒಂದನ್ನು ಆರಿಸಿದರೆ ಅದು ಆಯ್ಕೆಯಲ್ಲ, ಊಹೆ. ಇಲ್ಲಿಯೇ ಕ್ರಯೋ ಚಿತ್ರ ಸಹಾಯಕ್ಕೆ ಬರುತ್ತದೆ, ತಿರುಚಿದ ಪಟ್ಟಿ ಕಂಡಿದ್ದರೆ ಅಂಡಾಕಾರಕ್ಕೆ ಬಲ ಬಂತು.

ಮಾದರಿ ಹಾಕುವ ಮೊದಲು ಲಾಗ್-ಲಾಗ್ ಗ್ರಾಫ್‌ನಲ್ಲಿ, ಕ್ಯೂ (ಚದುರಿದ ಕೋನದ ಅಳತೆ, ಕಡಿಮೆ ಕ್ಯೂ ಅಂದರೆ ದೊಡ್ಡ ರಚನೆ) ಎದುರು ತೀವ್ರತೆಯ ಇಳಿಜಾರು ನೋಡಿ. ಮೈನಸ್ 1 ಇದ್ದರೆ ಕಡ್ಡಿಯಂಥದ್ದು, ಮೈನಸ್ 2ರ ಹತ್ತಿರ ಇದ್ದರೆ ಚಪ್ಪಟೆ ಪಟ್ಟಿ ಇರಬಹುದು, ಮೈನಸ್ 4 ಅಂದರೆ ದೊಡ್ಡದೊಂದರ ಚೂಪಾದ ಮೇಲ್ಮೈ. ಕಡಿಮೆ ಕ್ಯೂ ಕಡೆಗೆ ರೇಖೆ ಕಡಿದಾಗಿ ಏರಿದರೆ ಅದು ಜಾಲದಿಂದಲೋ ಕಟ್ಟುಗಳಿಂದಲೋ ಬಂದದ್ದು, ಒಂಟಿ ನಾರಿನ ಮಾದರಿಯಿಂದ ಅದನ್ನು ವಿವರಿಸಲು ಒದ್ದಾಡಬೇಡಿ, ಒಂದು ಪವರ್-ಲಾ ಭಾಗ ಸೇರಿಸಿ.

ಉದ್ದದ ಬಗ್ಗೆ ಒಂದು ಲೆಕ್ಕ. ನಿಮ್ಮ ಅಳತೆಯ ಕನಿಷ್ಠ ಕ್ಯೂ 0.005 ಪ್ರತಿ ಆಂಗ್‌ಸ್ಟ್ರಾಮ್ ಅಂದುಕೊಳ್ಳಿ. 2ಪೈ ಅನ್ನು ಅದರಿಂದ ಭಾಗಿಸಿದರೆ ಸುಮಾರು 1250 ಆಂಗ್‌ಸ್ಟ್ರಾಮ್, ಅಂದರೆ 125 ನ್ಯಾನೋಮೀಟರ್. ಸಾಫ್ಟ್‌ವೇರ್ ನಾರಿನ ಉದ್ದ 800 ನ್ಯಾನೋಮೀಟರ್ ಅಂತ ಕೊಟ್ಟರೆ ಅದನ್ನು ಪ್ರಬಂಧದಲ್ಲಿ ಹಾಕಬೇಡಿ. ಆ ಸಂಖ್ಯೆ 800 ಇದ್ದರೂ 8000 ಇದ್ದರೂ ಫಿಟ್ ಒಂದೇ ಥರ ಇರುತ್ತದೆ, ಬದಲಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಹಿನ್ನೆಲೆ ಕಳೆಯುವುದರಲ್ಲಿ ಆಗುವ ತಪ್ಪು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಬರೀ ನೀರನ್ನು ಕಳೆದರೆ ಸಾಲದು. ಜಿಡಿಎಲ್, ಉಪ್ಪು, ಡಿಎಂಎಸ್‌ಓ ಏನೇನು ಹಾಕಿದ್ದೀರೋ ಅಷ್ಟೇ ಪ್ರಮಾಣದಲ್ಲಿ ಇರುವ, ಅಣು ಮಾತ್ರ ಇಲ್ಲದ ದ್ರಾವಣವನ್ನು ಸಾಧ್ಯವಾದರೆ ಅದೇ ಕ್ಯಾಪಿಲರಿಯಲ್ಲಿ ಅಳೆಯಿರಿ. ಹೆಚ್ಚು ಕ್ಯೂ ಭಾಗದಲ್ಲಿ ನಾರಿನ ಸಿಗ್ನಲ್ ತುಂಬಾ ದುರ್ಬಲ, ಅಲ್ಲಿ ಹಿನ್ನೆಲೆ ಒಂದೆರಡು ಶೇಕಡಾ ಆಚೀಚೆ ಆದರೆ ತ್ರಿಜ್ಯವೇ ಆಚೀಚೆ ಆಗುತ್ತದೆ.

ಸಿಂಕ್ರೊಟ್ರಾನ್‌ನಲ್ಲಿ (ತುಂಬಾ ತೀವ್ರ ಎಕ್ಸ್-ಕಿರಣದ ಮೂಲ) ಅಳೆದಿದ್ದರೆ ಕಿರಣದಿಂದ ಹಾನಿಯಾಯಿತಾ ಅಂತ ನೋಡಿ. ಒಂದು ಉದ್ದನೆಯ ಎಕ್ಸ್‌ಪೋಶರ್ ಬದಲು ಅನೇಕ ಚಿಕ್ಕ ಫ್ರೇಮ್ ತೆಗೆದು, ಮೊದಲನೆಯದನ್ನೂ ಕೊನೆಯದನ್ನೂ ಒಂದರ ಮೇಲೊಂದು ಇಡಿ. ಬೇರೆಯಾದರೆ ಬೇರೆಯಾದ ಫ್ರೇಮ್‌ಗಳನ್ನು ಬಿಟ್ಟುಬಿಡಿ. ಎರಡು ಆಯಾಮದ ಚಿತ್ರವನ್ನೂ ಒಮ್ಮೆ ಕಣ್ಣಲ್ಲಿ ನೋಡಿ, ಉಂಗುರ ದುಂಡಗಿಲ್ಲದೆ ಒಂದು ಕಡೆ ಗಾಢವಾಗಿದ್ದರೆ ಕ್ಯಾಪಿಲರಿಗೆ ತುಂಬುವಾಗ ನಾರುಗಳು ಸಾಲುಗಟ್ಟಿವೆ, ಅಂಥದ್ದರ ಸುತ್ತಲಿನ ಸರಾಸರಿ ತೆಗೆದು ಸಾಮಾನ್ಯ ಮಾದರಿ ಹಾಕಿದರೆ ಉತ್ತರ ಕೆಡುತ್ತದೆ.

ಸ್ಯಾನ್ಸ್ ಮಾಡುವವರು ಭಾರಜಲದಲ್ಲಿ ಜೆಲ್ ಮಾಡುತ್ತಾರೆ, ಯಾಕೆಂದರೆ ನ್ಯೂಟ್ರಾನ್‌ಗೆ ಸಾಮಾನ್ಯ ನೀರಿಗೂ ಸಾವಯವ ಅಣುವಿಗೂ ವ್ಯತ್ಯಾಸ ಅಷ್ಟಾಗಿ ಕಾಣದು, ಜೊತೆಗೆ ಹೈಡ್ರೋಜನ್‌ನ ಹಿನ್ನೆಲೆ ಬೇರೆ. ಎಕ್ಸ್-ಕಿರಣದ ಅಳತೆ ಸಾಮಾನ್ಯ ನೀರಿನಲ್ಲಿ ಆಗಿರುತ್ತದೆ. ಇವೆರಡರ ತ್ರಿಜ್ಯ ಹೊಂದದಿದ್ದರೆ ಮೊದಲು ಭಾರಜಲದ ಜೆಲ್‌ನ ಮೇಲೇ ಎಕ್ಸ್-ಕಿರಣ ಹಾಯಿಸಿ ನೋಡಿ. ಭಾರಜಲದಲ್ಲಿ ಜಿಡಿಎಲ್ ಇನ್ನೂ ನಿಧಾನಕ್ಕೆ ಒಡೆಯುತ್ತದೆ. ಪಿಎಚ್ ಮೀಟರ್ ತೋರಿಸುವ ಸಂಖ್ಯೆಗೆ 0.4 ಕೂಡಿಸಿದರೆ ಪಿಡಿ (ಭಾರಜಲದಲ್ಲಿ ಪಿಎಚ್‌ನ ಜಾಗದ ಅಳತೆ) ಸಿಗುತ್ತದೆ, ದುರ್ಬಲ ಆಮ್ಲಗಳ ಪಿಕೆಎ ಕೂಡ ಅಲ್ಲಿ ಸುಮಾರು ಅರ್ಧ ಘಟಕ ಮೇಲೆ ಇರುತ್ತದೆ. ನೀರು ಬದಲಿಸಿದರೆ ಏನೂ ಆಗುವುದಿಲ್ಲ ಅಂತ ಸುಮ್ನೆ ಒಪ್ಪಿಕೊಳ್ಳುವ ವಿಷಯ ಇದಲ್ಲ.

ಲಕ್ಷಣ: ಐಆರ್‌ನಲ್ಲಿ 1690ರ ಹತ್ತಿರ ಶಿಖರ, ಆದರೆ ಬೇರೆ ಯಾವುದೂ ಬೀಟಾ-ಶೀಟ್ ಅನ್ನುತ್ತಿಲ್ಲ

ಇಲ್ಲಿ ಶಿಖರಗಳ ಸಂಖ್ಯೆಗಳೆಲ್ಲ ವೇವ್‌ನಂಬರ್ (ಪ್ರತಿ ಸೆಂಟಿಮೀಟರ್) ಲೆಕ್ಕದಲ್ಲಿ. ಪ್ರೋಟೀನ್‌ಗಳಲ್ಲಿ 1620ರಿಂದ 1640ರ ನಡುವೆ ಬಲವಾದ ಶಿಖರ, 1680ರಿಂದ 1695ರ ನಡುವೆ ಚಿಕ್ಕದೊಂದು ಇದ್ದರೆ ವಿರುದ್ಧ ದಿಕ್ಕಿನ ಬೀಟಾ-ಶೀಟ್ ಅಂತ ಓದುತ್ತಾರೆ. ಆ ಅಭ್ಯಾಸವನ್ನೇ ಎಫ್‌ಮಾಕ್ ಡೈಪೆಪ್ಟೈಡ್‌ಗಳಿಗೂ ತಂದರು. 2008ರಲ್ಲಿ ಬಂದ ಎಫ್‌ಮಾಕ್-ಡೈಫಿನೈಲ್‌ಅಲನೀನ್ ಮಾದರಿಯಲ್ಲಿ ವಿರುದ್ಧ ದಿಕ್ಕಿನ ಬೀಟಾ-ಶೀಟ್‌ಗಳು ಫ್ಲೂರೆನೈಲ್ ಉಂಗುರಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆಮೇಲೆ 2013ರಲ್ಲಿ ಐಆರ್ ಅನ್ನೇ ಗುರಿಯಾಗಿಟ್ಟುಕೊಂಡು ಮಾಡಿದ ಕೆಲಸ ಒಂದು ಮುಖ್ಯ ಸಂಗತಿ ತೋರಿಸಿತು: ಎಫ್‌ಮಾಕ್ ಅನ್ನು ಪೆಪ್ಟೈಡ್‌ಗೆ ಕಟ್ಟುವ ಕಾರ್ಬಮೇಟ್ ಗುಂಪಿನ ಶಿಖರವೂ ಇದೇ 1685-1690ರ ಜಾಗದಲ್ಲಿ ಬರುತ್ತದೆ. ಅಂದರೆ ಆ ಚಿಕ್ಕ ಶಿಖರ ಒಂದನ್ನೇ ಹಿಡಿದು ದಿಕ್ಕು ಹೇಳಲು ಬರುವುದಿಲ್ಲ.

ಇದನ್ನು ಬಿಡಿಸುವ ದಾರಿಗಳಿವೆ. ಅಣು ಒಂಟಿಯಾಗಿ ಕರಗಿರುವ ದ್ರಾವಕದಲ್ಲಿ ಸ್ಪೆಕ್ಟ್ರಮ್ ತೆಗೆಯಿರಿ, ಜೋಡಣೆಯೇ ಇಲ್ಲದಿದ್ದರೂ ಆ ಶಿಖರ ಆಸುಪಾಸಿನಲ್ಲೇ ಉಳಿದರೆ ಅದು ಕಾರ್ಬಮೇಟ್. ಕಾರ್ಬಮೇಟ್ ಇಲ್ಲದ, ಉದಾಹರಣೆಗೆ ತುದಿಯಲ್ಲಿ ಎಫ್‌ಮಾಕ್ ಬದಲು ನ್ಯಾಫ್ಥಾಕ್ಸಿ ಗುಂಪು ಇರುವ ಅದೇ ಡೈಪೆಪ್ಟೈಡ್ ಜೊತೆ ಹೋಲಿಸಿ. ಹಣ ಇದ್ದರೆ ಕಾರ್ಬನ್-13 ಹಾಕಿದ ಅಣು ಮಾಡಿಸಿ, ಗುರುತು ಹಾಕಿದ ಕಾರ್ಬೊನಿಲ್ ಶಿಖರ ಸುಮಾರು 40 ವೇವ್‌ನಂಬರ್ ಕೆಳಗೆ ಜಾರುತ್ತದೆ, ಯಾವುದು ಯಾರದ್ದು ಅಂತ ಸಂಶಯವೇ ಉಳಿಯುವುದಿಲ್ಲ.

1673ರ ಸುತ್ತ ಗಟ್ಟಿ ಶಿಖರ ಇದ್ದರೆ ಪೆಪ್ಟೈಡ್ ಶುದ್ಧೀಕರಣದಿಂದ ಉಳಿದ ಟ್ರೈಫ್ಲೋರೋಅಸಿಟಿಕ್ ಆಮ್ಲವನ್ನು ಮೊದಲು ಶಂಕಿಸಿ. ಸ್ಪೆಕ್ಟ್ರಮ್ ತುಂಬಾ ಚೂಪಾದ ಸಣ್ಣ ಸಣ್ಣ ಹಲ್ಲುಗಳಿದ್ದರೆ ಅದು ಗಾಳಿಯಲ್ಲಿನ ನೀರಾವಿ, ಸ್ವಲ್ಪ ಹೊತ್ತು ಒಣ ಗಾಳಿ ಬಿಡಿ. ಸಾಮಾನ್ಯ ನೀರಿನ ಬಾಗುವಿಕೆಯ ಶಿಖರ 1640ರ ಸುತ್ತ ಬಂದು ಅಮೈಡ್ ಅನ್ನು ಪೂರ್ತಿ ಮುಚ್ಚುತ್ತದೆ, ಅದಕ್ಕೆ ಭಾರಜಲ ಬೇಕೇ ಬೇಕು. ಎಟಿಆರ್ (ಐಆರ್ ಅಳೆಯುವ ತೆರೆದ ಹರಳು) ಮೇಲೆ ಜೆಲ್ ಇಟ್ಟು ಒತ್ತಿದರೆ ಮತ್ತೆ ಒಣಗಿಸುವ ಕಥೆಯೇ, ಮುಚ್ಚಿದ ಸೆಲ್‌ನಲ್ಲಿ ಅಳೆಯಿರಿ. ಅದೇ ಸ್ಪೆಕ್ಟ್ರಮ್‌ನಲ್ಲಿ ಇನ್ನೊಂದು ಉಪಯೋಗ ಇದೆ, ಅದನ್ನು ಜನ ಯಾಕೋ ಬಳಸುವುದಿಲ್ಲ: 1720ರ ಹತ್ತಿರ ಆಮ್ಲ, 1590ರ ಹತ್ತಿರ ಕಾರ್ಬಾಕ್ಸಿಲೇಟ್. ಎರಡರ ಎತ್ತರ ನೋಡಿದರೆ ಸೆಲ್‌ನೊಳಗಿನ ಜೆಲ್ ನಿಮ್ಮ ವಯಲ್‌ನ ಪಿಎಚ್‌ನಲ್ಲೇ ಇದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ.

ಲಕ್ಷಣ: ಸಿಡಿ ಸಿಗ್ನಲ್ ಒಮ್ಮೆ ಪ್ಲಸ್, ಒಮ್ಮೆ ಮೈನಸ್

ನಾರುಗಳು ಸಾಲುಗಟ್ಟಿದ್ದರೆ ಲೀನಿಯರ್ ಡೈಕ್ರೊಯಿಸಂ (ನಾರಿನ ದಿಕ್ಕಿಗೆ ತಕ್ಕಂತೆ ಬೆಳಕು ಹೆಚ್ಚು ಕಡಿಮೆ ಹೀರಲ್ಪಡುವುದು) ಸಿಡಿಯೊಳಗೆ ನುಸುಳುತ್ತದೆ. ಕ್ಯುವೆಟ್ ಅನ್ನು ಬೆಳಕಿನ ಅಕ್ಷದ ಸುತ್ತ 90 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ಬದಲಾದರೆ ಆ ಸಿಗ್ನಲ್ ಪೂರ್ತಿ ಅಣುಗಳ ಕೈತನದ್ದಲ್ಲ (ಎಡಗೈ-ಬಲಗೈಯಂಥ ಅಸಮತೆ). ಇದಕ್ಕಿಂತ ಒಳ್ಳೆಯ ಪರೀಕ್ಷೆ, ಕೈಗೆ ಸಿಕ್ಕಿದರೆ, ಅದೇ ಅಣುವಿನ ಡಿ-ರೂಪ. ಎಲ್ ಮತ್ತು ಡಿ ಜೆಲ್‌ಗಳ ಸ್ಪೆಕ್ಟ್ರಮ್ ಕನ್ನಡಿಯ ಬಿಂಬದಂತೆ ಇರಲೇಬೇಕು. ಇಲ್ಲದಿದ್ದರೆ ಎಲ್ಲೋ ಒಂದು ಕಡೆ ಕೃತಕ ಸಿಗ್ನಲ್ ಸೇರಿದೆ, ಇದರಲ್ಲಿ ವಾದಕ್ಕೆ ಜಾಗ ಇಲ್ಲ.

ಡಿಟೆಕ್ಟರ್‌ನ ವೋಲ್ಟೇಜ್ ರೇಖೆಯನ್ನು ಯಾವಾಗಲೂ ಜೊತೆಗೆ ಉಳಿಸಿ. ಅದು ಮಿತಿ ಮೀರಿದ ಜಾಗದಲ್ಲಿ ಬೆಳಕೇ ತಲುಪುತ್ತಿಲ್ಲ, ಅಲ್ಲಿ ಕಾಣುವ ಶಿಖರ ಬರೀ ಗದ್ದಲ. ಡಿಎಂಎಸ್‌ಓ ಸುಮಾರು 268 ನ್ಯಾನೋಮೀಟರ್‌ಗಿಂತ ಕೆಳಗೆ ಬೆಳಕನ್ನು ನುಂಗುತ್ತದೆ, ಹಾಗಾಗಿ ಡಿಎಂಎಸ್‌ಓ ಜೆಲ್‌ನಲ್ಲಿ 220ರ ಮಾತಾಡುವಾಗ ಎಚ್ಚರ. ಸಿಗ್ನಲ್ ಜಾಸ್ತಿ ಅಂತ ನೀರು ಬೆರೆಸುವ ಬದಲು 0.1 ಮಿಲಿಮೀಟರ್ ಅಥವಾ ಇನ್ನೂ ತೆಳು ಕ್ಯುವೆಟ್ ಬಳಸಿ. ಪ್ರೋಟೀನ್‌ಗಾಗಿ ಮಾಡಿದ ಲೆಕ್ಕದ ಪ್ರೋಗ್ರಾಂಗೆ ಈ ಸ್ಪೆಕ್ಟ್ರಮ್ ಹಾಕಿ ಇಷ್ಟು ಶೇಕಡಾ ಬೀಟಾ ಅಂತ ಬರೆಯುವುದನ್ನು ದಯವಿಟ್ಟು ಬಿಡಿ, ಆರೊಮ್ಯಾಟಿಕ್ ಉಂಗುರಗಳೂ ಅದೇ ಜಾಗದಲ್ಲಿ ಸಿಗ್ನಲ್ ಕೊಡುತ್ತವೆ.

ಥಯೋಫ್ಲಾವಿನ್-ಟಿ 482 ನ್ಯಾನೋಮೀಟರ್‌ನಲ್ಲಿ ಹೊಳೆಯಿತು ಅಂತ ಬೀಟಾ-ಶೀಟ್ ಸಾಬೀತಾಗುವುದಿಲ್ಲ. ಆ ಡೈಯ ಎರಡು ಭಾಗಗಳು ತಿರುಗದಂತೆ ಯಾವುದೇ ಇಕ್ಕಟ್ಟಾದ ಜಾಗ ಹಿಡಿದಿಟ್ಟರೂ ಅದು ಹೊಳೆಯುತ್ತದೆ.

ಲಕ್ಷಣ: ಎನ್ಎಂಆರ್‌ನಲ್ಲಿ ಅಣು ಮಾಯ

ಎನ್ಎಂಆರ್ ಅಂದರೆ ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಸಿಗ್ನಲ್ ಅಳೆಯುವ ವಿಧಾನ. ಇದು ದೋಷವೇ ಅಲ್ಲ, ಮಾಹಿತಿ. ನಾರಿನಲ್ಲಿ ಸಿಕ್ಕಿಕೊಂಡ ಅಣು ಬೇಗ ಹೊರಳದು, ಅದರ ರೇಖೆ ಅಗಲವಾಗಿ ಮರೆಯಾಗುತ್ತದೆ. ಉಳಿದು ಕಾಣುವುದು ಇನ್ನೂ ಕರಗಿರುವ ಪಾಲು. ಒಳಗೆ ಒಂದು ಅಳತೆಯ ಪ್ರಮಾಣಕ ಹಾಕಿ ಲೆಕ್ಕ ಮಾಡಿದರೆ ಎಷ್ಟು ಶೇಕಡಾ ನಾರಾಗಿದೆ ಅಂತ ಸಿಗುತ್ತದೆ. ಪ್ರಮಾಣಕವೇ ನಾರಿಗೆ ಅಂಟಿದರೆ ಲೆಕ್ಕ ಕೆಡುತ್ತದೆ, ಆದ್ದರಿಂದ ಜೆಲ್ ಕಟ್ಟುವ ಮೊದಲು ಮತ್ತು ಆಮೇಲೆ ಅದರ ಸಿಗ್ನಲ್ ಅಷ್ಟೇ ಇದೆಯಾ ನೋಡಿ. 30 ಶೇಕಡಾ ಅಣು ಇನ್ನೂ ಕರಗಿಯೇ ಇದೆ ಅಂತ ಗೊತ್ತಾದರೆ ಮೇಲಿನ ಎಷ್ಟೋ ಒಗಟುಗಳು ಬಿಡುತ್ತವೆ: ಒಣಗಿಸಿದಾಗ ಗ್ರಿಡ್ ಮೇಲೆ ಬಂದ ಆ ಹೆಚ್ಚುವರಿ ರಚನೆ ಇದೇ 30 ಶೇಕಡಾದಿಂದ ಬಂದಿರಬಹುದು.

ಹರಳಿನ ರಚನೆ ಸಿಕ್ಕಿದೆ, ಅದನ್ನೇ ಜೆಲ್‌ಗೆ ಹಾಕಬಹುದೇ?

ಆತುರ ಬೇಡ. ಜೆಲ್‌ನಲ್ಲಿ ಬೆಳೆದ ಹರಳು ಆದರೂ ಅದು ನಾರಿನ ಜೋಡಣೆಯೇ ಅಂತ ಹೇಳಲಾಗದು, ಒಂದೇ ದ್ರವದಿಂದ ಎರಡು ಬೇರೆ ಜೋಡಣೆಗಳು ಹುಟ್ಟಬಹುದು. ಹರಳಿನ ರಚನೆಯಿಂದ ಲೆಕ್ಕ ಹಾಕಿದ ಪೌಡರ್ ಮಾದರಿಯನ್ನು ಒದ್ದೆ ಜೆಲ್‌ನ ವೈಡ್-ಆಂಗಲ್ ಚದುರಿಕೆಯ ಜೊತೆ ಇಟ್ಟು ನೋಡಿ, ಒಣಗಿಸಿದ ಜೆಲ್ ಜೊತೆ ಅಲ್ಲ. 4.7 ಆಂಗ್‌ಸ್ಟ್ರಾಮ್ ಹತ್ತಿರ ಶಿಖರ ಒದ್ದೆಯಲ್ಲೂ ಇದ್ದರೆ ಹೈಡ್ರೋಜನ್ ಬಂಧದ ಅಂತರಕ್ಕೆ ಅದು ಒಳ್ಳೆಯ ಸಾಕ್ಷಿ. ಒಣಗಿದ್ದರಲ್ಲಿ 2.82 ಆಂಗ್‌ಸ್ಟ್ರಾಮ್‌ನಲ್ಲಿ ಚೂಪಾದ ಶಿಖರ ಕಂಡರೆ ಸಂಭ್ರಮ ಬೇಡ, ಅದು ಅಡುಗೆ ಉಪ್ಪು.

ರಿಯಾಲಜಿ ಅಳತೆಯಲ್ಲಿ ನೋಡಬೇಕಾದ್ದು ಕಡಿಮೆ, ಆದರೆ ಬಿಡುವಂತಿಲ್ಲ. ಜೆಲ್ ಅನ್ನು ಚಮಚದಲ್ಲಿ ಎತ್ತಿ ಪ್ಲೇಟ್ ಮೇಲೆ ಇಟ್ಟರೆ ಮುರಿದ ಜೆಲ್ ಅಳೆದಂತೆ, ಪ್ಲೇಟ್ ಮೇಲೆಯೇ ಅಥವಾ ವಯಲ್‌ನಲ್ಲೇ ಕಟ್ಟಲು ಬಿಟ್ಟು ವೇನ್ (ರೆಕ್ಕೆಗಳಿರುವ ಕಡ್ಡಿ) ಇಳಿಸಿ ಅಳೆಯಿರಿ. ಮೊದಲು ಸ್ಟ್ರೇನ್ ಸ್ವೀಪ್ (ಜೆಲ್ ಅನ್ನು ಹೆಚ್ಚು ಹೆಚ್ಚು ವಿರೂಪಗೊಳಿಸುತ್ತಾ ಅಳೆಯುವುದು) ಮಾಡಿ ರೇಖೀಯ ಭಾಗ ಎಲ್ಲಿಗೆ ಮುಗಿಯುತ್ತದೆ ನೋಡಿಕೊಳ್ಳಿ, ಈ ಜೆಲ್‌ಗಳು 1 ಶೇಕಡಾದ ಸುತ್ತಲೇ ಮುರಿಯಲು ಶುರು ಮಾಡುವುದುಂಟು. ಅಂಚು ಒಣಗದಂತೆ ಮುಚ್ಚಿ. ವಯಲ್ ತಲೆಕೆಳಗು ಮಾಡಿದರೆ ಬೀಳಲಿಲ್ಲ ಅನ್ನುವುದರಿಂದ ರಚನೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಎಲ್ಲ ನೋಡಿದ ಮೇಲೂ ತಾಳೆಯಾಗದಿದ್ದರೆ

ಸಮಯ ಕಡಿಮೆ ಇದ್ದರೆ ನಾನು ಹಿಡಿಯುವ ಕ್ರಮ ಹೀಗೆ. ಕೊನೆಯ ಪಿಎಚ್ ಮತ್ತು ರಿಯಾಲಜಿಯಿಂದ ಜೆಲ್ ಮರುಕಳಿಸುತ್ತದೆ ಅಂತ ಖಾತ್ರಿ ಮಾಡಿಕೊಳ್ಳುವುದು. ಆಮೇಲೆ ಸಾಧ್ಯವಾದ ಎಲ್ಲ ಅಳತೆಯನ್ನೂ ಭಾರಜಲದ ಒಂದೇ ಜೆಲ್ ಮೇಲೆ, ಒಂದೇ ವಯಸ್ಸಿನಲ್ಲಿ ಮಾಡುವುದು: ಐಆರ್, ಎನ್ಎಂಆರ್, ಸ್ಯಾನ್ಸ್, ರಿಯಾಲಜಿ ನಾಲ್ಕೂ ಅದರಲ್ಲಿ ಆಗುತ್ತವೆ. ಸಾಮಾನ್ಯ ನೀರಿನಲ್ಲಿ ಸ್ಯಾಕ್ಸ್ ಮತ್ತು ಕ್ರಯೋ. ಒಣಗಿಸಿದ ಚಿತ್ರಗಳನ್ನು ಸಾಕ್ಷಿಯ ಪಟ್ಟಿಯಿಂದ ಹೊರಗಿಡುವುದು.

ಇಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಆಗ ಅದನ್ನು ನಿಜ ಅಂತ ತೆಗೆದುಕೊಳ್ಳಿ. ಎರಡು ಥರದ ನಾರು ಒಟ್ಟಿಗೆ ಇರಬಹುದು, ಅಥವಾ ಜೆಲ್ ಇನ್ನೂ ಬದಲಾಗುತ್ತಿರಬಹುದು. ಎರಡನೆಯದನ್ನು ಪರೀಕ್ಷಿಸಲು ಒಂದೇ ಜೆಲ್ ಅನ್ನು ಮೊದಲ ದಿನ, ಮಾರನೆಯ ದಿನ, ಒಂದು ವಾರದ ಮೇಲೆ ಸ್ಯಾಕ್ಸ್‌ನಲ್ಲಿ ನೋಡಿ. ರೇಖೆ ಜಾರುತ್ತಾ ಹೋದರೆ, ವಯಲ್‌ನಲ್ಲಿ ಮೇಲೆ ಸ್ವಲ್ಪ ನೀರು ಬಿಟ್ಟಿದ್ದರೆ, ಅಥವಾ ಸೂಜಿಯಂಥ ಹರಳು ಕಂಡರೆ, ನಿಮ್ಮ ಮೊದಲ ವಾರದ ಅಳತೆಗಳು ಯಾವ ಯಾವ ವಯಸ್ಸಿನಲ್ಲಿ ಆದವು ಅಂತ ನೋಟ್‌ಬುಕ್ ತೆರೆದು ನೋಡಿ. ದಿನಾಂಕ ಮಾತ್ರ ಬರೆದಿದ್ದರೆ ಸಾಲದು, ಜಿಡಿಎಲ್ ಹಾಕಿದ ಗಂಟೆ ಮತ್ತು ಅಳೆದ ಗಂಟೆ ಎರಡೂ ಬೇಕು.